ಹೆಪ್ಪುಗಟ್ಟಿದ ಕೆರೆಯ ಮೇಲೆ ಎಟಿವಿ: ನಮ್ಮೂರವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕೊಪ್ಪಳ ಜಿಲ್ಲೆಯ ಮುನಿರಾಬಾದಿನವನು. ತುಂಗಭದ್ರಾ ಡ್ಯಾಮಿನ ಗೋಡೆ ನೋಡುತ್ತಲೇ ಬೆಳೆದವನು. ಕೆಲಸದ ಸಲುವಾಗಿ ಅಮೆರಿಕದ ಮಿನ್ನೆಸೋಟ ರಾಜ್ಯಕ್ಕೆ ಬಂದು ಆರು ಚಳಿಗಾಲ ಕಳೆದವು. ಇಲ್ಲಿ ಮಿಲ್ ಲ್ಯಾಕ್ಸ್ ಅಂತ ಒಂದು ಕೆರೆ ಇದೆ. ಸುಮಾರು 536 ಚದರ ಕಿಲೋಮೀಟರ್. ನಮ್ಮ ಡ್ಯಾಮ್ ತುಂಬಿದಾಗ ಹಿನ್ನೀರು ಹರಡುವುದು ಸುಮಾರು 378 ಚದರ ಕಿಲೋಮೀಟರ್ ಅಂದರೆ ಅಂದಾಜು ಸಿಗುತ್ತದೆ. ಅಷ್ಟು ದೊಡ್ಡ ನೀರು ಜನವರಿಯಲ್ಲಿ ಬಿಳಿ ಬಯಲಾಗಿ ಮಲಗಿರುತ್ತದೆ. ಅದರ ಮೇಲೆ ಎಟಿವಿ ಓಡಿಸಿದ ವಿಡಿಯೋ ಒಂದನ್ನು ಮನೆಯವರಿಗೆ ಕಳಿಸಿದ್ದೇ ತಪ್ಪಾಯಿತು. ಅವತ್ತಿನಿಂದ ಕೊಪ್ಪಳ, ಗಂಗಾವತಿ, ರಾಯಚೂರು, ಬಳ್ಳಾರಿ ಎಲ್ಲ ಕಡೆಯ ನೆಂಟರಿಂದ ಫೋನು. ಒಬ್ಬೊಬ್ಬರಿಗೂ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಮೊದಲು ಇದನ್ನ ಹೇಳು, ಎಟಿವಿ ಅಂದ್ರೆ ಏನು?

ನಾಲ್ಕು ದಪ್ಪ ಗಾಲಿಯ ಬೈಕು ಅಂದುಕೊಳ್ಳಿ. ಬೈಕಿನ ಹಾಗೆ ಕಾಲು ಆಚೀಚೆ ಹಾಕಿ ಕೂರಬೇಕು, ಹ್ಯಾಂಡಲ್ ಹಿಡಿಯಬೇಕು. ಆದರೆ ಎಕ್ಸಲರೇಟರ್ ತಿರುವುವುದಲ್ಲ, ಬಲಗೈ ಹೆಬ್ಬೆರಳಿನಿಂದ ಒತ್ತುವುದು. ಟೈರಿನಲ್ಲಿ ಗಾಳಿ ಬಹಳ ಕಡಿಮೆ ಇರುತ್ತದೆ, ಹಾಗಾಗಿ ನೆಲಕ್ಕೆ ಅಗಲವಾಗಿ ಒತ್ತಿ ಕೂರುತ್ತದೆ. ಗಾಡಿಯ ತೂಕ ಸುಮಾರು 250ರಿಂದ 350 ಕೆ.ಜಿ. ಇಬ್ಬರು ಪಕ್ಕಪಕ್ಕ ಕೂರುವ, ಸ್ಟೇರಿಂಗ್ ಇರುವ ಇನ್ನೊಂದು ಬಗೆ ಇದೆ, ಅದಕ್ಕೆ ಸೈಡ್-ಬೈ-ಸೈಡ್ ಅನ್ನುತ್ತಾರೆ. ಅದು ಇನ್ನೂ ಭಾರ. ಈ ತೂಕದ ಲೆಕ್ಕ ನೆನಪಿಡಿ, ಮುಂದೆ ಬೇಕಾಗುತ್ತದೆ.

ನೀರಿನ ಮೇಲೆ ಗಾಡಿ ನಿಲ್ಲೋದು ಹೆಂಗೆ? ಕೆರೆ ತಳದವರೆಗೂ ಗಟ್ಟಿಯಾಗಿರುತ್ತಾ?

ಇಲ್ಲ. ಬಹಳ ಜನ ಹಾಗೇ ತಿಳಿದುಕೊಂಡಿದ್ದಾರೆ. ಮೇಲೆ ಒಂದೆರಡು ಅಡಿ ಮಾತ್ರ ಐಸ್, ಕೆಳಗೆಲ್ಲ ನೀರೇ.

ನೀರಿನ ಗುಣ ವಿಚಿತ್ರ. ತಣ್ಣಗಾಗುತ್ತಾ ಹೋದಂತೆ ಭಾರವಾಗಿ ಕೆಳಗಿಳಿಯುತ್ತದೆ, ಆದರೆ 4 ಡಿಗ್ರಿಯವರೆಗೆ ಮಾತ್ರ. ಅದಕ್ಕಿಂತ ತಣ್ಣಗಾದರೆ ಮತ್ತೆ ಹಗುರಾಗಿ ಮೇಲೇ ಉಳಿಯುತ್ತದೆ. ಹಾಗಾಗಿ ಹೆಪ್ಪುಗಟ್ಟುವುದು ಮೇಲಿನಿಂದ. ಐಸ್ ನೀರಿಗಿಂತ ಸುಮಾರು ನೂರಕ್ಕೆ ಎಂಟು ಪಾಲು ಹಗುರ, ಅದಕ್ಕೇ ತೇಲುತ್ತದೆ. ನೀವು ಗಾಡಿ ತಂದು ನಿಲ್ಲಿಸಿದಾಗ ಐಸ್ ಸ್ವಲ್ಪ ಕೆಳಗೆ ಬಾಗುತ್ತದೆ, ಕೆಳಗಿನ ನೀರು ಅದನ್ನು ಮೇಲಕ್ಕೆ ಒತ್ತುತ್ತದೆ. ಸಾಣಾಪುರದ ಕೆರೆಯಲ್ಲಿ ಹರಿಗೋಲು ಹತ್ತಿದಾಗ ಅದು ಒಂದಿಷ್ಟು ಕುಸಿದು ಆಮೇಲೆ ನಿಲ್ಲುತ್ತದಲ್ಲ, ಹೆಚ್ಚುಕಮ್ಮಿ ಅದೇ ಲೆಕ್ಕ. ಇಲ್ಲಿ ಹರಿಗೋಲು ಅಂದರೆ ಇಡೀ ಕೆರೆಯ ಮುಚ್ಚಳ, ಅಷ್ಟೇ.

ಎಷ್ಟು ದಪ್ಪ ಐಸ್ ಇದ್ದರೆ ಗಾಡಿ ಇಳಿಸಬಹುದು?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಕೇಳಿದವನು ರಾಯಚೂರಿನ ನಮ್ಮ ಅಳಿಯ ಒಬ್ಬನೇ. ಉಳಿದವರೆಲ್ಲ "ಮೈಲೇಜ್ ಎಷ್ಟು" ಅಂತ ಕೇಳಿದರು.

ಮಿನ್ನೆಸೋಟದ ನೈಸರ್ಗಿಕ ಸಂಪನ್ಮೂಲ ಇಲಾಖೆ ಹೇಳುವ ಲೆಕ್ಕ ಹೀಗಿದೆ. ನಡೆದು ಹೋಗಲು ಕಡಿಮೆ ಅಂದರೂ 4 ಇಂಚು. ಸಣ್ಣ ಎಟಿವಿಗೆ 5ರಿಂದ 7 ಇಂಚು. ಸೈಡ್-ಬೈ-ಸೈಡ್‌ಗೆ 7ರಿಂದ 8. ಸಣ್ಣ ಕಾರಿಗೆ 9ರಿಂದ 10. ಇದೆಲ್ಲ ಹೊಸದಾದ, ಗಾಜಿನಂತೆ ಪಾರದರ್ಶಕವಾದ ಐಸಿಗೆ ಮಾತ್ರ. ಹಿಮ ಬಿದ್ದು, ನೆನೆದು, ಮತ್ತೆ ಗಟ್ಟಿಯಾದ ಬಿಳಿ ಐಸಿನೊಳಗೆ ಗಾಳಿ ಗುಳ್ಳೆ ತುಂಬಿರುತ್ತವೆ. ಅದರ ಶಕ್ತಿ ಅರ್ಧ. ಅಲ್ಲಿ ದಪ್ಪ ಎರಡು ಪಟ್ಟು ಬೇಕು.

ಇದರ ಹಿಂದೆ ಒಂದು ಸರಳ ಸೂತ್ರ ಇದೆ. ಕೆನಡಾದ ಲೋರ್ನ್ ಗೋಲ್ಡ್ ಎಂಬ ವಿಜ್ಞಾನಿ 1971ರಲ್ಲಿ ಕೊಟ್ಟಿದ್ದು. ಐಸಿನ ದಪ್ಪವನ್ನು ಸೆಂಟಿಮೀಟರಿನಲ್ಲಿ ತೆಗೆದುಕೊಂಡು, ಅದನ್ನು ಅದರಿಂದಲೇ ಗುಣಿಸಿ, ಮತ್ತೆ 3.5ರಿಂದ ಗುಣಿಸಬೇಕು. ಬಂದದ್ದು ಅದು ಹೊರಬಲ್ಲ ಕೆ.ಜಿ. 10 ಸೆಂ.ಮೀ. ಇದ್ದರೆ 350 ಕೆ.ಜಿ. 20 ಸೆಂ.ಮೀ. ಇದ್ದರೆ 1,400 ಕೆ.ಜಿ. ದಪ್ಪ ಎರಡು ಪಟ್ಟಾದರೆ ತಾಕತ್ತು ನಾಲ್ಕು ಪಟ್ಟು. ಇದನ್ನು ತಿರುಗಿಸಿ ನೋಡಿದರೆ ಮೈ ಜುಮ್ ಅನ್ನುತ್ತದೆ. ದಪ್ಪ ಅರ್ಧವಾದರೆ ತಾಕತ್ತು ಕಾಲು ಭಾಗಕ್ಕೆ ಇಳಿಯುತ್ತದೆ.

ನನ್ನ ಲೆಕ್ಕ ಹಾಕಿ ತೋರಿಸುತ್ತೇನೆ. ಗಾಡಿ 350, ಚಳಿಬಟ್ಟೆ ಸಮೇತ ನಾನು 85, ಡಬ್ಬಿ, ಡ್ರಿಲ್, ಹಗ್ಗ ಎಲ್ಲ ಸೇರಿ 25. ಒಟ್ಟು 460 ಕೆ.ಜಿ. ಸೂತ್ರದ ಪ್ರಕಾರ ಹನ್ನೊಂದೂವರೆ ಸೆಂ.ಮೀ. ಸಾಕು, ಅಂದರೆ ನಾಲ್ಕೂವರೆ ಇಂಚು. ಆದರೆ ನಾನು 8 ಇಂಚಿಗಿಂತ ಕಡಿಮೆ ಇದ್ದರೆ ಗಾಡಿ ಇಳಿಸುವುದಿಲ್ಲ. ಯಾಕೆ ಅಂದರೆ ಸೂತ್ರಕ್ಕೆ ಈಜು ಬರಬೇಕಾಗಿಲ್ಲ, ನನಗೆ ಬರಬೇಕು.

ದಪ್ಪ ಅಳೆಯೋದು ಹೆಂಗೆ? ನೋಡಿದರೆ ಗೊತ್ತಾಗಲ್ವಾ?

ನೋಡಿದರೆ ಗೊತ್ತಾಗುವುದಿಲ್ಲ. ಮೇಲೆ ಹಿಮ ಬಿದ್ದಿದ್ದರಂತೂ ಏನೂ ತಿಳಿಯುವುದಿಲ್ಲ.

ಎರಡು ಸಾಮಾನು ಬೇಕು. ಒಂದು ನಮ್ಮ ಹಾರೆಯಂಥ ಉದ್ದ ಕಬ್ಬಿಣದ ಉಳಿ. ನಡೆಯುತ್ತಾ ಮುಂದೆ ಜೋರಾಗಿ ಕುಕ್ಕುವುದು. ಒಂದೆರಡು ಏಟಿಗೆ ತೂತಾಗಿ ನೀರು ಬಂತೋ, ಬಂದ ದಾರಿಯಲ್ಲೇ ವಾಪಸ್. ಇನ್ನೊಂದು ಆಗರ್, ಅಂದರೆ ಐಸಿಗೆ ಬೋರ್ ಹಾಕುವ ಉದ್ದ ಡ್ರಿಲ್. ತೂತು ಕೊರೆದು, ಕೊಕ್ಕೆ ಇರುವ ಅಳತೆ ಕೋಲು ಬಿಟ್ಟು, ಐಸಿನ ಕೆಳ ಅಂಚಿಗೆ ಸಿಗಿಸಿ ದಪ್ಪ ನೋಡುವುದು. ನಮ್ಮ ಕಡೆ ಬೋರ್ ಹಾಕಿ ಎಷ್ಟು ಅಡಿಗೆ ನೀರು ಬಿತ್ತು ಅಂತ ಕೇಳುತ್ತೇವೆ. ಇಲ್ಲಿ ಎಷ್ಟು ಇಂಚಾದರೂ ನೀರು ಬೀಳದಿದ್ದರೆ ಸಾಕು ಅಂತ ಬೇಡಿಕೊಳ್ಳುತ್ತೇವೆ.

ಒಂದು ಕಡೆ ಅಳೆದರೆ ಸಾಲದು. ಪ್ರತಿ 150 ಅಡಿಗೆ ಒಂದು ಸಲ ನೋಡಿ ಅಂತ ಇಲಾಖೆ ಹೇಳುತ್ತದೆ. ಮೊದಲು ನಡೆದು ಅಳೆಯುವುದು, ಆಮೇಲೆ ಗಾಡಿ. ಬೇಸರದ ಕೆಲಸ. ವಿಡಿಯೋದಲ್ಲಿ ಅದನ್ನು ಯಾರೂ ತೋರಿಸುವುದಿಲ್ಲ, ನಾನೂ ತೋರಿಸಿರಲಿಲ್ಲ.

ಒಂದೇ ಕೆರೆ, ಒಂದೇ ಚಳಿ. ಎಲ್ಲಾ ಕಡೆ ಒಂದೇ ದಪ್ಪ ಇರಬೇಕಲ್ವಾ?

ಮೊದಲ ಚಳಿಗಾಲದಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ. ಬಾಡಿಗೆಗೆ ಗಾಡಿ ಕೊಟ್ಟವನು "ಕೆರೆಯೆಲ್ಲ ಹತ್ತು ಇಂಚು ಇದೆ, ಆರಾಮಾಗಿ ಹೋಗು" ಅಂದ. ನಾನು ಹೋದೆ. ಅರ್ಧ ಕಿಲೋಮೀಟರ್ ದಾಟಿದ ಮೇಲೆ ದಡದ ಕಡೆ ಮೀನು ಹಿಡಿಯುತ್ತಾ ಕೂತಿದ್ದ ಒಬ್ಬ ಮುದುಕ ಎದ್ದು ನಿಂತು ಎರಡೂ ಕೈ ಅಡ್ಡಡ್ಡ ಬೀಸತೊಡಗಿದ. ಏನೋ ಕರೆಯುತ್ತಿದ್ದಾನೆ ಅಂತ ನಿಲ್ಲಿಸಿದೆ. ನನ್ನಿಂದ ಮೂವತ್ತು ಹೆಜ್ಜೆ ಮುಂದೆ ಒಂದು ಹಳ್ಳ ಬಂದು ಕೆರೆಗೆ ಸೇರುತ್ತಿತ್ತು. ಹಿಮದ ಕೆಳಗೆ ಕಾಣುತ್ತಿರಲಿಲ್ಲ. ಅವನು ನಡೆದು ಬಂದು ಹಾರೆಯಿಂದ ಕುಕ್ಕಿ ತೋರಿಸಿದ. ಮೂರು ಇಂಚು.

ಹರಿಯುವ ನೀರು ಐಸನ್ನು ಕೆಳಗಿನಿಂದ ಸವೆಸುತ್ತಲೇ ಇರುತ್ತದೆ. ಹಳ್ಳ ಬಂದು ಸೇರುವ ಜಾಗ, ಕೆರೆಯ ಕೋಡಿ, ಸೇತುವೆಯ ಕೆಳಗೆ, ಎರಡು ಕೆರೆ ಕೂಡುವ ಇಕ್ಕಟ್ಟು, ತಳದಲ್ಲಿ ಒರತೆ ಇರುವ ಕಡೆ, ಇವೆಲ್ಲ ಕಡೆ ಐಸ್ ತೆಳ್ಳಗೆ. ನೀರೊಳಗಿನಿಂದ ಎದ್ದ ಜೊಂಡು, ಮರದ ಬೊಡ್ಡೆ ಬಿಸಿಲು ಹೀರಿ ಸುತ್ತಲಿನ ಐಸ್ ಕರಗಿಸುತ್ತವೆ. ಕೆಲವರು ತಮ್ಮ ದಕ್ಕೆಯ ಹತ್ತಿರ ನೀರು ಗಟ್ಟಿಯಾಗಬಾರದು ಅಂತ ಗಾಳಿ ಊದುವ ಪಂಪ್ ಹಾಕಿರುತ್ತಾರೆ, ಅಲ್ಲಂತೂ ಬಾಯಿ ತೆರೆದ ನೀರು.

ಇನ್ನು ಹಿಮ. ಮೇಲೆ ದಪ್ಪ ಹಿಮ ಬಿದ್ದರೆ ಐಸ್ ಜಾಸ್ತಿ ಗಟ್ಟಿಯಾಗುತ್ತದೆ ಅನ್ನಿಸುತ್ತದೆ, ಅಲ್ವಾ? ಆಗುವುದು ಉಲ್ಟಾ. ಹಿಮ ಕೌದಿ ಹೊದಿಸಿದ ಹಾಗೆ. ಮೇಲಿನ ಚಳಿ ಕೆಳಗೆ ಇಳಿಯದಂತೆ ತಡೆಯುತ್ತದೆ, ಐಸ್ ಬೆಳೆಯುವುದು ನಿಧಾನವಾಗುತ್ತದೆ. ಅದರ ಭಾರಕ್ಕೆ ಐಸ್ ಕುಸಿದು ಬಿರುಕಿನಿಂದ ನೀರು ಉಕ್ಕಿ, ಹಿಮದ ಅಡಿಯಲ್ಲಿ ರಾಡಿ ನಿಲ್ಲುತ್ತದೆ. ಅದರಲ್ಲಿ ಗಾಲಿ ಹೂತರೆ ಗಂಗಾವತಿ ಗದ್ದೆಯಲ್ಲಿ ಟ್ರ್ಯಾಕ್ಟರ್ ಸಿಕ್ಕಿಕೊಂಡ ಹಾಗೇ. ಒಂದು ವ್ಯತ್ಯಾಸ ಇದೆ. ಗದ್ದೆಯ ರಾಡಿ ಬೆಳಗಾಗುವುದರೊಳಗೆ ಕಲ್ಲಾಗುವುದಿಲ್ಲ, ಇಲ್ಲಿ ಆಗುತ್ತದೆ. ಹೂತ ಗಾಡಿ ಅಲ್ಲೇ ಎರಕ ಹೊಯ್ದ ಹಾಗೆ ನಿಂತುಬಿಡುತ್ತದೆ.

ಗಾಳಿಯೂ ಸುಮ್ನೆ ಬಿಡುವುದಿಲ್ಲ. 2023ರ ಡಿಸೆಂಬರ್ 29ರಂದು ಇದೇ ರಾಜ್ಯದ ಅಪ್ಪರ್ ರೆಡ್ ಲೇಕ್‌ನಲ್ಲಿ ಐಸಿನ ದೊಡ್ಡ ಹಾಳೆಯೇ ದಡದಿಂದ ಕಿತ್ತುಕೊಂಡು ಹೋಯಿತು. ಮೀನು ಹಿಡಿಯಲು ಹೋಗಿದ್ದ ನೂರಕ್ಕೂ ಹೆಚ್ಚು ಜನ ಅದರ ಮೇಲೆ ಸಿಕ್ಕಿಕೊಂಡರು. ಎಲ್ಲರನ್ನೂ ದಡ ಸೇರಿಸಿದರು.

ಐಸ್ ಬಿರಿಯುವ ಸದ್ದು ಬಂದರೆ ಇಳಿದು ಓಡಬೇಕಾ?

ಸದ್ದು ಬಂದೇ ಬರುತ್ತದೆ. ರಾತ್ರಿ ಚಳಿ ಏರಿದಾಗ ಐಸ್ ಕುಗ್ಗುತ್ತದೆ, ಬಿಸಿಲಿಗೆ ಹಿಗ್ಗುತ್ತದೆ. ಆಗ ಈ ದಡದಿಂದ ಆ ದಡಕ್ಕೆ ಬಿರುಕು ಓಡುತ್ತದೆ. ಒಮ್ಮೆ ಗುಡುಗಿನ ಹಾಗೆ, ಒಮ್ಮೆ ಬಾರುಕೋಲು ಬೀಸಿದ ಹಾಗೆ, ಒಮ್ಮೆ ಹೊಟ್ಟೆಯೊಳಗಿಂದ ಯಾರೋ ನರಳಿದ ಹಾಗೆ. ಮೊದಲ ಸಲ ಕೇಳಿದಾಗ ನಾನು ಹನುಮಪ್ಪನ ನೆನೆದಿದ್ದೆ. ನಮ್ಮ ಎರೆ ಹೊಲ ಬೇಸಿಗೆಯಲ್ಲಿ ಬಾಯಿ ಬಿಡುತ್ತದಲ್ಲ, ಅದಕ್ಕೇನು ಹೊಲ ಮುಳುಗುತ್ತದಾ? ದಪ್ಪ ಐಸಿನಲ್ಲಿ ಒಣ ಬಿರುಕು ಸಾಮಾನ್ಯ.

ಹೆದರಬೇಕಾದದ್ದು ಬೇರೆ. ಬಿರುಕಿನಿಂದ ನೀರು ಮೇಲೆ ಬರುತ್ತಿದ್ದರೆ, ಗಾಡಿಯ ಸುತ್ತ ಐಸ್ ತಟ್ಟೆಯ ಹಾಗೆ ತಗ್ಗಾಗಿದ್ದರೆ ಹೊರಡಬೇಕು. ಎರಡು ಐಸಿನ ಹಾಳೆ ಒಂದಕ್ಕೊಂದು ಒತ್ತಿ ಎದ್ದ ದಿಬ್ಬ ಕಂಡರೂ ಹತ್ತಿರ ಹೋಗಬೇಡಿ. ಅದರ ಬುಡದಲ್ಲಿ ಎಷ್ಟೋ ಸಲ ಬರೀ ನೀರಿರುತ್ತದೆ.

ಎಷ್ಟು ಸ್ಪೀಡಲ್ಲಿ ಹೋಗಬಹುದು? ಜೋರಾಗಿ ಹೋದರೆ ಐಸ್ ಒಡೆಯೋದರೊಳಗೆ ದಾಟಬಹುದಲ್ಲ?

ಕೊಪ್ಪಳದ ದೋಸ್ತ್ ಒಬ್ಬನ ಐಡಿಯಾ ಇದು. ಸಿನಿಮಾ ಜಾಸ್ತಿ ನೋಡಿದ್ದಾನೆ.

ಗಾಡಿ ನಿಂತಲ್ಲಿ ಐಸ್ ಬಾಗುತ್ತದೆ ಅಂದೆನಲ್ಲ, ಗಾಡಿ ಚಲಿಸಿದರೆ ಆ ತಗ್ಗೂ ಜೊತೆಗೇ ಚಲಿಸುತ್ತದೆ. ಕೆಳಗಿನ ನೀರಿನಲ್ಲಿ ಅಲೆ ಏಳುತ್ತದೆ. ಗಾಡಿಯ ವೇಗ ಆ ಅಲೆಯ ವೇಗಕ್ಕೆ ಸಮವಾದರೆ ಐಸ್ ಮಾಮೂಲಿಗಿಂತ ಜಾಸ್ತಿ ಬಾಗುತ್ತದೆ. ನೀರು ಆಳ ಕಡಿಮೆ ಇದ್ದಷ್ಟೂ ಅಲೆ ನಿಧಾನ. 2 ಮೀಟರ್ ಆಳದಲ್ಲಿ ಅದು ಗಂಟೆಗೆ ಸುಮಾರು 16 ಕಿ.ಮೀ., 4 ಮೀಟರ್ ಆಳದಲ್ಲಿ ಸುಮಾರು 22. ಅಂದರೆ ದಡದ ಹತ್ತಿರ, ನಾವು ಆರಾಮಾಗಿ ಹೋಗುವ ವೇಗದಲ್ಲೇ ಅಪಾಯ. ಅಲೆ ದಡಕ್ಕೆ ಬಡಿದು ವಾಪಸ್ ಬಂದು ಐಸನ್ನು ಒಡೆದದ್ದೂ ಉಂಟು. ಎಟಿವಿ ಹಗುರ, ದಪ್ಪ ಐಸಿನ ಮೇಲೆ ಇದು ಅಷ್ಟಾಗಿ ಕಾಡುವುದಿಲ್ಲ. ಆದರೂ ದಡಕ್ಕೆ ಇಳಿಯುವಾಗ, ಹತ್ತುವಾಗ ನಾನು ಎತ್ತಿನ ಗಾಡಿಯ ವೇಗ. ಎರಡು ಗಾಡಿ ಇದ್ದರೆ ನಡುವೆ ದೂರ ಬಿಟ್ಟು ಹೋಗುವುದು, ನಿಲ್ಲಿಸುವಾಗಲೂ ಒಂದರ ಪಕ್ಕ ಒಂದು ನಿಲ್ಲಿಸದಿರುವುದು.

ಜಾರಲ್ವಾ?

ಜಾರುತ್ತದೆ. ಗಾಲಿಗೆ ಮೊಳೆ ಹೊಡೆಸಬೇಕು, ಅಂದರೆ ಗಟ್ಟಿ ಲೋಹದ ತುದಿಯಿರುವ ಸ್ಟಡ್. ಇಲ್ಲವೇ ಚೈನ್ ಕಟ್ಟಬೇಕು. ಕೆಸರು ಗದ್ದೆಗೆ ಇಳಿಯುವ ಮೊದಲು ಟ್ರ್ಯಾಕ್ಟರಿಗೆ ಕೇಜ್ ವೀಲ್ ಹಾಕುತ್ತೇವಲ್ಲ, ಹಾಗೆ. ಬ್ರೇಕ್ ಒಮ್ಮೆಲೇ ಒತ್ತಬಾರದು, ತಿರುವಿನಲ್ಲಿ ಎಕ್ಸಲರೇಟರ್ ಒತ್ತಬಾರದು. ಬೇಕಂತಲೇ ಗಿರಗಿರ ತಿರುಗಿಸುವವರೂ ಇದ್ದಾರೆ. ಮಜಾ ಇರುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ನಯವಾದ ಐಸಿನಲ್ಲಿ ಅಡ್ಡ ಜಾರುತ್ತಿರುವ ಗಾಲಿ ಒಂದು ಒರಟು ಗಡ್ಡೆಗೆ ತಗುಲಿದರೆ ಗಾಡಿ ಮಗುಚುತ್ತದೆ.

ಅಷ್ಟು ಚಳೀಲಿ ಇಂಜಿನ್ ಸ್ಟಾರ್ಟ್ ಆಗುತ್ತಾ?

ನಮ್ಮಲ್ಲಿ ಮಾಗಿ ಚಳಿ ಅಂದರೆ 15 ಡಿಗ್ರಿ, ಆಗಲೇ ಬೆಳಗ್ಗೆ ಸ್ಕೂಟರ್ ಕೆಮ್ಮುತ್ತದೆ. ಇಲ್ಲಿ ಮೈನಸ್ 20 ಮಾಮೂಲಿ. ಇದೇ ರಾಜ್ಯದ ಟವರ್ ಎಂಬ ಊರಿನಲ್ಲಿ 1996ರ ಫೆಬ್ರವರಿ 2ರಂದು ಮೈನಸ್ 51 ಡಿಗ್ರಿ ಸೆಲ್ಸಿಯಸ್ ದಾಖಲಾಗಿದೆ. ಅಂಥ ಚಳಿಯಲ್ಲಿ ಬ್ಯಾಟರಿ ಅರ್ಧ ಸತ್ತಂತೆ ಆಡುತ್ತದೆ, ಮಾಮೂಲಿ ಆಯಿಲ್ ಜೋನಿ ಬೆಲ್ಲದ ಹಾಗೆ ಗಟ್ಟಿಯಾಗುತ್ತದೆ. ಅದಕ್ಕೆ 0ಡಬ್ಲ್ಯೂ-40ರಂಥ ತೆಳು ಆಯಿಲ್ ಹಾಕುತ್ತಾರೆ. ಕೂಲೆಂಟ್‌ನಲ್ಲಿ ನೀರು ಜಾಸ್ತಿ ಬೆರೆಸಿದ್ದರೆ ಅದು ಗಟ್ಟಿಯಾಗಿ ಇಂಜಿನ್ನೇ ಸೀಳಬಹುದು. ಸ್ಟಾರ್ಟ್ ಆದ ಮೇಲೂ ಐದು ಹತ್ತು ನಿಮಿಷ ಬಿಡಬೇಕು, ಬೆಲ್ಟ್ ಬಿಸಿಯಾಗಲಿ.

ರಾಡಿ ನೀರಿನಲ್ಲಿ ಹೋಗಿ ಬಂದು ನಿಲ್ಲಿಸಿದರೆ ಬ್ರೇಕ್ ಹಾಗೇ ಹಿಡಿದುಕೊಳ್ಳುತ್ತದೆ. ಎಕ್ಸಲರೇಟರ್ ವೈರಿನೊಳಗೆ ನೀರು ಹೋಗಿ ಗಟ್ಟಿಯಾದರೆ ಇನ್ನೂ ಕಷ್ಟ, ಬೆರಳು ತೆಗೆದರೂ ಗಾಡಿ ಓಡುತ್ತಲೇ ಇರುತ್ತದೆ. ಹೊರಡುವ ಮೊದಲು ಒತ್ತಿ ಬಿಟ್ಟು ನೋಡುವುದು ನನ್ನ ಅಭ್ಯಾಸ.

ಏನು ಹಾಕ್ಕೊಂಡು ಹೋಗ್ತಿ? ಸ್ವೆಟರ್ ಸಾಕಾ?

ಅವ್ವ ಕಳಿಸಿದ ಸ್ವೆಟರ್ ಒಳಗೆ ಇರುತ್ತದೆ. ಆದರೆ ಮೈಗೆ ತಾಗುವ ಬಟ್ಟೆ ಕಾಟನ್ ಆಗಬಾರದು, ಬೆವರು ಹೀರಿಕೊಂಡು ಒದ್ದೆಯಾಗೇ ಇರುತ್ತದೆ. ಉಣ್ಣೆ ಒಳ್ಳೆಯದು. ನಮ್ಮ ಕುರುಬರು ಕಂಬಳಿ ಬಿಟ್ಟು ಇರದಿದ್ದದ್ದು ಯಾಕೆ ಅಂತ ಇಲ್ಲಿಗೆ ಬಂದ ಮೇಲೆ ಸರಿಯಾಗಿ ಅರ್ಥವಾಯಿತು. ಉಣ್ಣೆ ನೆನೆದರೂ ಒಂದಿಷ್ಟು ಬೆಚ್ಚಗಿಡುತ್ತದೆ.

ಮೈನಸ್ 20ರಲ್ಲಿ ಗಂಟೆಗೆ 40 ಕಿ.ಮೀ. ಓಡಿಸಿದರೆ ಎದುರು ಗಾಳಿಗೆ ಮೈಗೆ ತಟ್ಟುವ ಚಳಿ ಮೈನಸ್ 34ರಷ್ಟು. ಮೂಗು, ಕಿವಿ, ಬೆರಳ ತುದಿ ಮೊದಲು ಮರಗಟ್ಟುತ್ತವೆ. ನೋವು ನಿಂತಿತು ಅಂತ ಖುಷಿಪಡಬಾರದು, ಅದೇ ಕೆಟ್ಟ ಸೂಚನೆ. ಹೊರಗಿನ ಕೋಟು ಮಾತ್ರ ತೇಲುವ ಬಗೆಯದ್ದೇ ಇರಲಿ. ಲೈಫ್ ಜಾಕೆಟ್ಟನ್ನೇ ಕೋಟಾಗಿ ಹೊಲಿದ ಹಾಗೆ ಇರುತ್ತದೆ. ಎಲ್ಲದಕ್ಕೂ ಉಳಿಸಿ, ಇದಕ್ಕೆ ಉಳಿಸಬೇಡಿ.

ಐಸ್ ಒಡೆದು ನೀರಿಗೆ ಬಿದ್ದರೆ?

ಇದನ್ನು ನಿಧಾನವಾಗಿ ಓದಿ.

ಕೆನಡಾದ ಮ್ಯಾನಿಟೋಬ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಎಂಬ ಪ್ರೊಫೆಸರ್ ಮಂಜಿನ ನೀರಿಗೆ ತಾವೇ ಎಷ್ಟೋ ಸಲ ಇಳಿದು ಪರೀಕ್ಷೆ ಮಾಡಿದವರು. ಅವರು ಹೇಳಿಕೊಟ್ಟ ಲೆಕ್ಕ 1-10-1. ಮೊದಲ 1 ನಿಮಿಷ ಉಸಿರು ಕೈಯಲ್ಲಿ ಇರುವುದಿಲ್ಲ. ಗಬಗಬ ಏದುಸಿರು ಬರುತ್ತದೆ, ಆಗ ಬಾಯಿಗೆ ನೀರು ಹೋದರೆ ಮುಗಿಯಿತು. ಆ ನಿಮಿಷದಲ್ಲಿ ಬೇರೇನೂ ಮಾಡಬೇಡಿ, ತಲೆ ಮೇಲಿಟ್ಟು ಉಸಿರು ಹಿಡಿತಕ್ಕೆ ತನ್ನಿ. ಆಮೇಲೆ 10 ನಿಮಿಷ ಕೈಕಾಲು ಮಾತು ಕೇಳುತ್ತವೆ. ಹೊರಗೆ ಬರುವ ಪ್ರಯತ್ನ ಆಗಲೇ. ಅದಾದ ಮೇಲೂ ಸುಮಾರು 1 ಗಂಟೆ ಪ್ರಜ್ಞೆ ಇರುತ್ತದೆ, ತೇಲುವ ಕೋಟು ಇದ್ದರೆ. ಇಲ್ಲದಿದ್ದರೆ ಚಳಿಯಿಂದ ಸಾಯುವುದಕ್ಕಿಂತ ಮೊದಲೇ ಕೈ ಸೋತು ಮುಳುಗುತ್ತಾರೆ.

ಹೊರಗೆ ಬರುವುದು ಹೀಗೆ. ಬಂದ ದಿಕ್ಕಿಗೆ ತಿರುಗಿ. ಅಲ್ಲಿಯವರೆಗಿನ ಐಸ್ ನಿಮ್ಮನ್ನು ಹೊತ್ತಿತ್ತು ಅನ್ನುವುದಾದರೂ ಗೊತ್ತು, ಮುಂದಿನದು ಗೊತ್ತಿಲ್ಲ. ಕೊರಳಿಗೆ ಹಾಕಿಕೊಂಡ ಐಸ್ ಪಿಕ್, ಅಂದರೆ ಹಿಡಿ ಇರುವ ಎರಡು ಚೂಪು ಮೊಳೆ, ಐಸಿಗೆ ಚುಚ್ಚಿ ಹಿಡಿಯಿರಿ. ಕಾಲನ್ನು ಈಜುವ ಹಾಗೆ ಹಿಂದೆ ಜಾಡಿಸುತ್ತಾ ಹೊಟ್ಟೆಯ ಮೇಲೆ ಜಾರಿ ಮೇಲೆ ಬನ್ನಿ. ಎದ್ದು ನಿಲ್ಲಬೇಡಿ. ಚಾಪೆ ಸುತ್ತಿದ ಹಾಗೆ ಉರುಳುತ್ತಾ ದೂರ ಹೋಗಿ. ಜೊತೆಗಾರ ಬಿದ್ದರೆ ಕೈ ಕೊಡಲು ಅಂಚಿಗೆ ಓಡಬೇಡಿ, ಹಗ್ಗ ಎಸೆಯಿರಿ. ಡ್ಯಾಮಿನ ಕಾಲುವೆಗೆ ಒಬ್ಬ ಬಿದ್ದ ಅಂತ ಇನ್ನೊಬ್ಬ ಇಳಿದು ಇಬ್ಬರೂ ಹೋದ ಸುದ್ದಿ ನಮ್ಮ ಕಡೆ ಎಷ್ಟು ಸಲ ಕೇಳಿಲ್ಲ?

ಮುಳುಗಿದ ಗಾಡಿ ಏನಾಗುತ್ತೆ?

ಇಲ್ಲಿನ ಕಾನೂನಿನ ಪ್ರಕಾರ 30 ದಿನದೊಳಗೆ ಮಾಲೀಕನೇ ಎತ್ತಿಸಬೇಕು, ಖರ್ಚು ಅವನದೇ. ಪೆಟ್ರೋಲ್, ಆಯಿಲ್ ಕೆರೆಗೆ ಸೇರುತ್ತದಲ್ಲ.

ಲೈಸೆನ್ಸ್ ಬೇಕಾ?

ಮಿನ್ನೆಸೋಟದಲ್ಲಿ ಗಾಡಿ ನೋಂದಣಿ ಆಗಿರಬೇಕು. 1987ರ ಜುಲೈ 1ರ ನಂತರ ಹುಟ್ಟಿದ, 16 ವರ್ಷ ದಾಟಿದವರು ಎಟಿವಿ ಸುರಕ್ಷತೆಯ ಕೋರ್ಸ್ ಮುಗಿಸಿರಬೇಕು. 18ರೊಳಗಿನವರಿಗೆ ಹೆಲ್ಮೆಟ್ ಕಡ್ಡಾಯ. ಕುಡಿದು ಓಡಿಸಿದರೆ ಕೆರೆಯ ಮೇಲಾದರೂ ಕೇಸು.

ಒಂದು ಎಟಿವಿಯಲ್ಲಿ ಮೂವರು ಕೂರಬಹುದಾ?

ಇಲ್ಲ. ಒಂದೇ ಸೀಟಿನ ಗಾಡಿಯಲ್ಲಿ ಇಬ್ಬರೂ ಇಲ್ಲ.

ಐಸ್ ಮೇಲೆ ಲಾರಿ ಓಡಿಸ್ತಾರಂತೆ, ನಿಜಾನಾ?

ನಿಜ. ಸಂಡೂರಿನ ಅದಿರು ಲಾರಿ ನೋಡಿ ಬೆಳೆದ ಬಳ್ಳಾರಿಯ ಮಾಮ ಇದನ್ನು ನಂಬಲೇ ಇಲ್ಲ. ಕೆನಡಾದ ಉತ್ತರದಲ್ಲಿ ಯೆಲ್ಲೋನೈಫ್ ಊರಿನ ಹತ್ತಿರದಿಂದ ವಜ್ರದ ಗಣಿಗಳಿಗೆ ಪ್ರತಿ ಚಳಿಗಾಲ ಒಂದು ರಸ್ತೆ ಮಾಡುತ್ತಾರೆ. ನೂರಾರು ಕಿಲೋಮೀಟರ್ ಉದ್ದ, ಅದರಲ್ಲಿ ಹೆಚ್ಚಿನ ಭಾಗ ಕೆರೆಗಳ ಮೇಲೇ. ಎರಡು ತಿಂಗಳು ಇರುತ್ತದೆ, ಆಮೇಲೆ ಕರಗಿ ಹೋಗುತ್ತದೆ. ಲೋಡ್ ಲಾರಿ ಗಂಟೆಗೆ 25 ಕಿ.ಮೀ. ಮೀರುವಂತಿಲ್ಲ, ಕಾರಣ ಮೇಲೆ ಹೇಳಿದ ಅದೇ ಅಲೆ. ಎರಡನೇ ಮಹಾಯುದ್ಧದಲ್ಲಿ ಲೆನಿನ್‌ಗ್ರಾಡ್ ನಗರಕ್ಕೆ ಜರ್ಮನ್ ಸೇನೆ ಮುತ್ತಿಗೆ ಹಾಕಿದಾಗ, 1941ರ ನವೆಂಬರಿನಲ್ಲಿ ಲಡೋಗಾ ಸರೋವರದ ಐಸಿನ ಮೇಲೆ ಹಿಟ್ಟು ಸಾಗಿಸಿದ್ದು ಲಾರಿಗಳಲ್ಲೇ. ವಾಪಸ್ ಬರುವಾಗ ಊರಿನ ಜನರನ್ನು ಹೊತ್ತು ತಂದವು. ಅದಕ್ಕೆ ಜನ ಇಟ್ಟ ಹೆಸರು ಬದುಕಿನ ದಾರಿ.

ಪಾಪ, ಮೀನು?

ಕೆಳಗೆ ನೀರು 4 ಡಿಗ್ರಿ ಆಸುಪಾಸಿನಲ್ಲಿ ಇರುತ್ತದೆ, ಮೀನು ಮಂದಗತಿಯಲ್ಲಿ ಬದುಕಿರುತ್ತವೆ. ಆಳವಿಲ್ಲದ ಕೆರೆಯ ಮೇಲೆ ದಪ್ಪ ಹಿಮ ಕೂತು ಬೆಳಕು ಹೋಗದಿದ್ದರೆ ಆಮ್ಲಜನಕ ಮುಗಿದು ಸಾಯುವುದುಂಟು.

ಯಾವ ತಿಂಗಳು ಬಂದರೆ ನಮಗೂ ತೋರಿಸ್ತಿ?

ಸಂಕ್ರಾಂತಿ ಮುಗಿಸಿಕೊಂಡು ಬನ್ನಿ. ಜನವರಿ ನಡುವಿನಿಂದ ಫೆಬ್ರವರಿ ಕೊನೆಯವರೆಗೆ ಒಳ್ಳೆಯ ಕಾಲ. ಡಿಸೆಂಬರ್ ಮೊದಲಲ್ಲಿ ಐಸ್ ತೆಳು. ಮಾರ್ಚ್ ಕೊನೆಯಲ್ಲಿ ಅದು ಮೋಸದ ಐಸ್. ಅಳೆದರೆ ಇನ್ನೂ ಒಂದೂವರೆ ಅಡಿ ತೋರಿಸುತ್ತದೆ, ಆದರೆ ಬಿಸಿಲಿಗೆ ಒಳಗೊಳಗೇ ಸಡಿಲಾಗಿ ಉದ್ದುದ್ದ ಕಡ್ಡಿಗಳಾಗಿರುತ್ತದೆ. ಕಣಿಕೆಯ ಸಿವುಡಿಗೆ ಕಟ್ಟಿದ ಹಗ್ಗ ಬಿಚ್ಚಿದ ಹಾಗೆ ಒಂದೇ ಏಟಿಗೆ ಉದುರುತ್ತದೆ. ಆಗ ಯಾವ ಸೂತ್ರವೂ ನಡೆಯುವುದಿಲ್ಲ.

ಅಷ್ಟು ದೂರ ಯಾಕೆ, ನಮ್ಮ ದೇಶದಲ್ಲೇ ಆಗಲ್ವಾ?

ಹಿಮದ ಮೇಲೆ ಎಟಿವಿ ಬೇಕಾದರೆ ಕಾಶ್ಮೀರದ ಗುಲ್ಮಾರ್ಗ್, ಮನಾಲಿಯ ಸೋಲಾಂಗ್ ಕಣಿವೆಯಲ್ಲಿ ಬಾಡಿಗೆಗೆ ಸಿಗುತ್ತದೆ. ಅದು ನೆಲದ ಮೇಲಿನ ಹಿಮ, ಕೆರೆ ಅಲ್ಲ. ಹೆಪ್ಪುಗಟ್ಟುವ ದೊಡ್ಡ ಕೆರೆ ಅಂದರೆ ಲಡಾಖಿನ ಪ್ಯಾಂಗಾಂಗ್. 4,200 ಮೀಟರಿಗಿಂತ ಎತ್ತರದಲ್ಲಿದೆ, ನೀರು ಉಪ್ಪಾದರೂ ಗಟ್ಟಿಯಾಗುತ್ತದೆ. 2023ರ ಫೆಬ್ರವರಿ 20ರಂದು ಅದರ ಮೇಲೆ 21 ಕಿ.ಮೀ. ಓಟ ಏರ್ಪಡಿಸಿದ್ದರು. ಕಾಲಿನಿಂದ ಓಡುವುದು, ಗಾಡಿಯಲ್ಲ. 2022ರಲ್ಲಿ ಅದೇ ಕೆರೆಯ ನೀರಿಗೆ ಕಾರು ಇಳಿಸಿ ವಿಡಿಯೋ ಮಾಡಿದವರಿಗೆ ದೇಶವೆಲ್ಲ ಉಗಿಯಿತು. ಸರಿಯಾಗೇ ಉಗಿಯಿತು. ಅಂಥ ಕೆರೆಗೆ ಗಾಡಿ ಒಯ್ಯಬೇಡಿ.

ಹಂಗಾದ್ರೆ ಬೇಸಿಗೇಲಿ ನಮ್ಮ ಡ್ಯಾಮಿನ ಹಿನ್ನೀರು ಒಣಗಿದಾಗ ಓಡಿಸಬಹುದಲ್ಲ? ಅಲ್ಲಿ ಮುಳುಗೋ ಭಯ ಇಲ್ಲ!

ಇದಕ್ಕೆ ನಮ್ಮಪ್ಪನೇ ಉತ್ತರ ಕೊಟ್ಟಿದ್ದಾನೆ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ, ಮೇ ತಿಂಗಳು. ನೀರು ಹಿಂದೆ ಸರಿದು ಬಯಲು ಬಿದ್ದಿತ್ತು. ಮೇಲೆ ಮಣ್ಣು ಒಣಗಿ ಹೆಂಚಿನ ಹಾಗೆ ಬಿರುಕು ಬಿಟ್ಟಿತ್ತು. ಅಡ್ಡ ದಾರಿ ಅಂತ ಅಪ್ಪ ಟ್ರ್ಯಾಕ್ಟರ್ ಇಳಿಸಿದ. ಇನ್ನೂರು ಹೆಜ್ಜೆ ಚೆನ್ನಾಗೇ ಹೋಯಿತು. ಆಮೇಲೆ ಹಿಂದಿನ ಗಾಲಿ ಒಂದು ಪದರ ಮುರಿದುಕೊಂಡು ಒಳಗೆ ಹೋಯಿತು. ಮೇಲೆ ಅರ್ಧ ಅಡಿ ಮಾತ್ರ ಗಟ್ಟಿ, ಕೆಳಗೆ ಹುದುಲು. ಅಪ್ಪ ಎಕ್ಸಲರೇಟರ್ ಒತ್ತಿದಷ್ಟೂ ಕೆಳಗೆ ಹೋಯಿತು. ಸಂಜೆಯ ಹೊತ್ತಿಗೆ ಗಾಲಿ ಕಾಣಲಿಲ್ಲ, ಮಡ್‌ಗಾರ್ಡ್ ಮಾತ್ರ ಕಂಡಿತು. ಎಳೆಯಲು ಬಂದ ಇನ್ನೊಂದು ಟ್ರ್ಯಾಕ್ಟರೂ ಹೂತಿತು. ಮರುದಿನ ಗಟ್ಟಿ ನೆಲದಲ್ಲಿ ಜೆಸಿಬಿ ನಿಲ್ಲಿಸಿ, ಉದ್ದ ಹಗ್ಗ ಕಟ್ಟಿ ಎರಡನ್ನೂ ಎಳೆದರು.

ಆ ಹುದುಲು ಎಲ್ಲಿಂದ ಬಂತು ಅಂದರೆ, 1953ರಲ್ಲಿ ಡ್ಯಾಮಿನಲ್ಲಿ ನೀರು ನಿಲ್ಲಿಸಿದಾಗಿನಿಂದ ನದಿ ಹೊತ್ತು ತಂದು ಹಾಕಿದ ಹೂಳು. 133 ಟಿಎಂಸಿ ನೀರು ಹಿಡಿಯುತ್ತಿದ್ದ ಡ್ಯಾಮ್ ಈಗ ಹಿಡಿಯುವುದು ಸುಮಾರು 105. ಮಿಕ್ಕ ಜಾಗವೆಲ್ಲ ಈ ಮಣ್ಣೇ ತಿಂದಿದೆ. ಅದರ ಮೇಲಿನ ಒಣ ಪದರ ನೋಡಿ ನಂಬುವುದೂ, ಹಿಮ ಮುಚ್ಚಿದ ಐಸ್ ನೋಡಿ ನಂಬುವುದೂ ಒಂದೇ. ಆ ಮುದುಕ ಹಾರೆಯಿಂದ ಕುಕ್ಕಿ ಮೂರು ಇಂಚು ತೋರಿಸಿದಾಗ ನನಗೆ ನೆನಪಾದದ್ದು ಅಪ್ಪನ ಆ ಮಡ್‌ಗಾರ್ಡ್. ಹಾರೆ ನಮ್ಮನೆಯಲ್ಲೂ ಇತ್ತು. ಅವತ್ತು ಯಾರೂ ಒಯ್ದಿರಲಿಲ್ಲ.

ಅಲ್ಲಿ ಊಟಕ್ಕೆ ಏನು ಒಯ್ತೀ?

ಅವ್ವನ ಪ್ರಶ್ನೆ. ಮೊದಲು ಚಪಾತಿ, ಪಲ್ಯ ಒಯ್ಯುತ್ತಿದ್ದೆ. ಚಪಾತಿ ರಟ್ಟಾಯಿತು, ಪಲ್ಯ ಕಲ್ಲಾಯಿತು, ಮೊಸರಿನ ಡಬ್ಬಿ ಒಡೆಯಿತು. ಈಗ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ ಪುಡಿ. ನೀರಿನ ಅಂಶವೇ ಇಲ್ಲದ್ದಕ್ಕೆ ಚಳಿ ಏನು ಮಾಡೀತು? ಮೈನಸ್ 20ರಲ್ಲೂ ಮುನಿರಾಬಾದಿನಲ್ಲಿ ಹೆಂಗೆ ಮುರಿಯುತ್ತೋ ಹಂಗೇ ಕಟಕ್ ಅಂತ ಮುರಿಯುತ್ತದೆ. ಅವ್ವಾ, ಮುಂದಿನ ಪಾರ್ಸೆಲ್‌ನಲ್ಲಿ ಇನ್ನೊಂದು ಐವತ್ತು ಹಾಕು.